ಹಿಂದಿನ ಸೀಟಿನ ತೂಕ

ಶನಿವಾರ ಊರಿನ ಎರ್ಕಿ ಬಂದು ತಮ್ಮ ಹಿಮಗಾಡಿಯನ್ನು, ಅಂದರೆ ಹಿಮದ ಮೇಲೋಡುವ ಎಂಜಿನ್ ಗಾಡಿಯನ್ನು, ಕ್ರಯಕ್ಕೆ ಕೊಂಡುಹೋಗುತ್ತಾನೆ ಎಂದು ಕೌಕೊ ಹೇಳಿದ್ದು ಸೋಮವಾರ ಬೆಳಗಿನ ಕಾಫಿಯ ಹೊತ್ತಿಗೆ, ಅದೂ ಕಿಟಕಿಯ ಕಡೆ ಮುಖ ಮಾಡಿಕೊಂಡು. ಹೆಂಡತಿಯ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ ಎಂದೇ ಅರ್ಥ. ರೊಟ್ಟಿಗೆ ಬೆಣ್ಣೆ ಸವರುತ್ತಿದ್ದ ತೈಮಿ ಸವರುತ್ತಲೇ ಇದ್ದಳು.

“ಹೌಕಿಲಂಪಿಗೆ ಹೇಗೆ ಹೋಗ್ತೀಯ?”

“ಹೋಗಲ್ಲ.”

“ಮತ್ತೆ ಮೀನು?”

“ಅಂಗಡೀಲಿ ಸಿಗುತ್ತೆ. ಮುಳ್ಳು ತೆಗೆದೇ ಕೊಡ್ತಾರೆ.”

ಅಂಗಡಿ ಮೀನನ್ನು ಬೆಕ್ಕಿಗೂ ಹಾಕಬಾರದು ಎಂದು ಊರಿಗೆಲ್ಲ ಸಾರಿಕೊಂಡು ಬಂದ ಗಂಡಸು ಈ ಮಾತಾಡಿದ್ದು ಕೇಳಿ ತೈಮಿ ಬೆಣ್ಣೆಯ ಚಾಕು ಕೆಳಗಿಟ್ಟಳು. ಮೂವತ್ತೊಂದು ವರ್ಷದಿಂದ ಏಪ್ರಿಲ್ ಬಂತೆಂದರೆ ಇಬ್ಬರೂ ಹೌಕಿಲಂಪಿ ಕೆರೆಗೆ ಹೋಗಿ, ಮಂಜುಗಡ್ಡೆ ಕೊರೆದು, ಹಿಮಸಾರಂಗದ ತೊಗಲು ಹಾಸಿಕೊಂಡು ಗಾಳ ಹಾಕಿ ಕೂರುವವರು. ತೈಮಿಗೆ ಮೀನಿನ ಹುಚ್ಚೇನೂ ಇಲ್ಲ. ಆದರೆ ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡುವ ಕೌಕೊ ಆ ಮಂಜುಗಡ್ಡೆಯ ಮೇಲೆ ಕೂತರೆ ನೂರು ಮಾತಾಡುತ್ತಿದ್ದ. ಹಾಡೂ ಹೇಳುತ್ತಿದ್ದ, ಬಹಳ ಕೆಟ್ಟದಾಗಿ. ಕ್ರಿಸ್‌ಮಸ್‌ಗೆ ಮುಂಚೆ ಬೆನ್ನು ಹಿಡಿದುಕೊಂಡ ಮೇಲೆ ಆ ಹತ್ತು ಮಾತೂ ಐದಕ್ಕೆ ಇಳಿದಿದ್ದವು. ಗಾಡಿಯೂ ಹೋದರೆ ಕಿಟಕಿ ಪಕ್ಕದ ಕುರ್ಚಿಯಿಂದ ಅವನನ್ನು ಎಬ್ಬಿಸುವುದು ಇನ್ನು ಯಾರ ಕೈಲೂ ಆಗದು ಎಂದು ಅವಳಿಗೆ ಗೊತ್ತಿತ್ತು.

“ಗಾಡಿ ಹತ್ತಬೇಡ ಅಂತ ಡಾಕ್ಟ್ರು ಹೇಳಿಲ್ವಲ್ಲ,” ಎಂದಳು.

“ಬೆನ್ನಿಗೆ ಏಟು ಬೀಳಬಾರದು ಅಂದಿದಾರೆ. ಏಟು ಕೊಡದ ಗಾಡಿ ಎಲ್ಲಿದೆ ಹೇಳು.”

ಈ ಪ್ರಶ್ನೆ ಕೇಳಿದವನು ಬೇರೆ ಯಾರೋ ಆಗಿದ್ದರೆ ಮಾತು ಬೇರೆ. ಸುತ್ತಲಿನ ನಾಲ್ಕು ಹಳ್ಳಿಗಳ ಹಿಮಗಾಡಿಗಳ ಶಾಕ್ ಅಬ್ಸಾರ್ಬರುಗಳೆಲ್ಲ ಪ್ರತಿ ಶರತ್ಕಾಲ ಬಂದು ಬೀಳುತ್ತಿದ್ದುದು ಇವನ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹೊರಕೋಣೆಯಲ್ಲೇ. ಕಾರ್ಖಾನೆಯವರು ಎಲ್ಲರಿಗೂ ಒಂದೇ ಅಳತೆಯಲ್ಲಿ ಮಾಡಿ ಕಳಿಸುತ್ತಾರೆ, ಅದು ಯಾರಿಗೂ ಸರಿಹೋಗುವುದಿಲ್ಲ ಎನ್ನುವುದು ಕೌಕೊನ ಸಿದ್ಧಾಂತ. ಅವನು ಬಿಚ್ಚಿ, ತೊಳೆದು, ಸೀಲು ಬದಲಿಸಿ, ಕೂರುವವರ ತೂಕಕ್ಕೆ ತಕ್ಕಂತೆ ಮತ್ತೆ ಜೋಡಿಸಿ, ಕೊಳವೆಯ ಮೇಲೆ ಹೆಸರು, ತೂಕ ಬರೆದ ಚೀಟಿ ಅಂಟಿಸುತ್ತಿದ್ದ. ದಾದಿಯ ಮುಂದೆ ತಮ್ಮ ತೂಕದಲ್ಲಿ ಐದು ಕಿಲೊ ನುಂಗಿಹಾಕುವ ಹೆಂಗಸರೂ ಕೌಕೊನ ಮುಂದೆ ನಿಜ ಹೇಳುತ್ತಿದ್ದರು. ಏಕೆಂದರೆ ಇಲ್ಲಿ ಸುಳ್ಳಿನ ಶಿಕ್ಷೆ ನೇರವಾಗಿ ಸೊಂಟಕ್ಕೇ ಬೀಳುತ್ತಿತ್ತು.

ಮಂಗಳವಾರ ಅವನು ಬೆನ್ನಿನ ವ್ಯಾಯಾಮಕ್ಕೆಂದು ಬಸ್ಸು ಹತ್ತಿ ಪೇಟೆಗೆ ಹೋದ. ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದ ತೈಮಿ ಅವನ ಹಳೆಯ ಮೇಲಂಗಿ ಹಾಕಿಕೊಂಡು ಶೆಡ್ಡಿಗೆ ಇಳಿದಳು. ಈ ಸಲ ಎಲ್ಲರ ಶಾಕ್ ಮುಗಿಸಿ ತನ್ನದಕ್ಕೆ ಕೈ ಹಾಕುವಷ್ಟರಲ್ಲಿ ಅವನ ಬೆನ್ನು ಕೈಕೊಟ್ಟಿತ್ತು. ಅದೊಂದನ್ನು ಸರಿಮಾಡಿಟ್ಟರೆ ಗಾಡಿಯ ಮೇಲೆ ಅವನಿಗೆ ಮನಸ್ಸು ಬಂದೀತು ಎನ್ನುವುದು ಅವಳ ಲೆಕ್ಕಾಚಾರ. ಕೆಲಸ ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷ ಅವನ ಪಕ್ಕ ಟಾರ್ಚ್ ಹಿಡಿದು ನಿಂತಿದ್ದಳು, ಅವನೋ ಕೆಲಸ ಮಾಡುವಾಗ ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳಿಕೊಂಡೇ ಮಾಡುವವನು.

ಗಾಡಿಯ ಹಿಂಭಾಗದಡಿ ಅಂಗಾತ ಮಲಗಿ, ಎರಡು ಬೋಲ್ಟಿಗೆ ಮುಕ್ಕಾಲು ಗಂಟೆ ಗುದ್ದಾಡಿ, ನಾಲ್ಕು ಬೈಗುಳ ಖರ್ಚು ಮಾಡಿ ದೊಡ್ಡ ಶಾಕನ್ನು ಹೊರಗೆಳೆದಳು. ಕೆಸರು ಒರೆಸಿದಾಗ ಚೀಟಿ ಕಂಡಿತು. “ಕೌಕೊ 84.”

ತಮ್ಮ ಗಾಡಿಯ ಶಾಕನ್ನು ಅವನು ಎಲ್ಲರದೂ ಮುಗಿದ ಮೇಲೆ ಒಬ್ಬನೇ ಮಾಡಿಕೊಳ್ಳುತ್ತಿದ್ದುದರಿಂದ ಈ ಚೀಟಿಯನ್ನು ಅವಳು ನೋಡಿದ್ದು ಇದೇ ಮೊದಲು. ಸಿರ್ಕ್ಕಾ ದಂಪತಿಯ ಶಾಕಿನ ಮೇಲೆ “ಇಬ್ಬರು” ಎಂದು ಬರೆದಿದ್ದನ್ನು ಅವಳೇ ನೋಡಿದ್ದಳು. ಎರ್ಕಿಯ ಚೀಟಿಯಂತೂ ಊರಿಗೇ ಗೊತ್ತು: “ಎರ್ಕಿ 91, ನಾಯಿ 24.” ಆ ನಾಯಿಯನ್ನು ಸೌನಾದ ತೂಕದ ಯಂತ್ರದ ಮೇಲೆ ನಿಲ್ಲಿಸಲು ಸಾಸೇಜು ಹಿಡಿದು ಕುಣಿದವಳು ತಾನೇ. ಮೂವತ್ತೊಂದು ವರ್ಷ ಈ ಗಾಡಿಯ ಹಿಂದಿನ ಸೀಟಿನಲ್ಲಿ, ಕಾಫಿಯ ಚೀಲ ತೊಡೆಯ ಮೇಲಿಟ್ಟುಕೊಂಡು, ಪ್ರತಿ ಉಬ್ಬಿಗೂ ಹಲ್ಲು ಕಚ್ಚಿ ಕೂತವಳ ತೂಕ ಮಾತ್ರ ಎಲ್ಲೂ ಇಲ್ಲ.

ಸಿಟ್ಟು ಬಂತು, ಚೆನ್ನಾಗಿಯೇ ಬಂತು. ಸ್ಪ್ಯಾನರನ್ನು ಗೋಡೆಗೆ ಎಸೆಯುವಷ್ಟು ಬಂತು. ಆಮೇಲೆ ಇನ್ನೊಂದು ಹೊಳೆಯಿತು. ಒಬ್ಬನಿಗೆಂದು ಕಟ್ಟಿದ ಶಾಕಿನ ಮೇಲೆ ಇಬ್ಬರು ಕೂತರೆ ಅದು ಪೂರ್ತಿ ಕುಸಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಆ ಏಟು ಅವಳಿಗೊಬ್ಬಳಿಗೇ ಬಿದ್ದಿತ್ತೇ? ಹೆಂಡತಿಯನ್ನು ಮರೆತ ಗಂಡ ತನ್ನ ಬೆನ್ನನ್ನು ತಾನೇ ಮುರಿದುಕೊಂಡಿದ್ದ. ಎಂಥ ಪೆದ್ದ ಇವನು ಎಂದುಕೊಂಡಾಗ ಸಿಟ್ಟಿನ ಜೊತೆಗೇ ಅವನ ಮೇಲೆ ಎಲ್ಲಿಲ್ಲದ ಕರುಣೆ ಬಂದು ಅವಳ ಕಣ್ಣು ತುಂಬಿತು.

ಮೂಗು ಒರೆಸಿಕೊಂಡು ಶಾಕನ್ನು ಹೊರಕೋಣೆಯ ಮೇಜಿನ ಕಬ್ಬಿಣದ ವೈಸಿನಲ್ಲಿ ಬಿಗಿದಳು. ಒಳಗಿನ ಅನಿಲ ಬಿಟ್ಟಳು. ಎಣ್ಣೆ ಬೋಗುಣಿಗೆ ಸುರಿಯಿತು, ತಳ ಹಿಡಿದ ಕಾಫಿಯಂತೆ ಕಪ್ಪಗೆ. ಪಿಸ್ಟನ್ನಿನ ಮೇಲೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳ ಸಾಲಿರುತ್ತದೆ. ಎಣ್ಣೆ ಎಷ್ಟು ಬೇಗ ಹಾಯಬೇಕು ಎಂದು ತೀರ್ಮಾನಿಸುವುದು ಅವೇ. ಒಂದು ಹಿಂದುಮುಂದಾದರೂ ಕೆಲಸ ಕೆಟ್ಟಿತು. ಅವನ್ನು ಇದ್ದ ಕ್ರಮದಲ್ಲೇ ತನ್ನ ಕಾಲುಚೀಲದ ಹೆಣಿಗೆ ಕಡ್ಡಿಗೆ ಪೋಣಿಸಿದಳು. “ಇಬ್ಬರಿಗಾದ್ರೆ ಎರಡು ಬಿಲ್ಲೆ ಹೆಚ್ಚು, ಕೆಂಪು ಸ್ಪ್ರಿಂಗು” ಎಂದು ಅವನು ಗೊಣಗುತ್ತಿದ್ದುದು ಕಿವಿಯಲ್ಲೇ ಇತ್ತು. ಡಬ್ಬಿಯಿಂದ ಎರಡು ಬಿಲ್ಲೆ ಆರಿಸಿದಳು, ಅಟ್ಟಣಿಗೆಯಿಂದ ಕೆಂಪು ಸ್ಪ್ರಿಂಗ್ ಇಳಿಸಿದಳು, ಹೊಸ ಎಣ್ಣೆ ಹೊಯ್ದು ಕೊನೆಯ ಗುಳ್ಳೆ ಮೇಲೆ ಬರುವ ತನಕ ತಾಳ್ಮೆಯಿಂದ ಕಾದಳು. ಆಮೇಲೆ ತೂಕದ ಯಂತ್ರ ಹತ್ತಿದಳು. ಬೂಟು ಬಿಚ್ಚಿ ಇನ್ನೊಮ್ಮೆ ಹತ್ತಿದಳು. ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೊಸ ಚೀಟಿಯಲ್ಲಿ ಬರೆದಿಟ್ಟಳು.

ಅನಿಲದ ಸಿಲಿಂಡರ್ ಇದ್ದದ್ದು ಎರ್ಕಿಯ ಹತ್ತಿರ. ಬುಧವಾರ ಶಾಕನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಳು. ಎರ್ಕಿ ಖುಷಿಯಿಂದಲೇ ತುಂಬಿಸಿಕೊಟ್ಟ.

“ನಂಗೋಸ್ಕರ ಇಷ್ಟೆಲ್ಲ ಮಾಡಬೇಕಿತ್ತಾ ತೈಮಿ?”

“ನಿನಗೋಸ್ಕರ ಅಂತ ಯಾರು ಹೇಳಿದ್ರು? ತುಂಬಿಸು ಸುಮ್ನೆ.”

ಗುರುವಾರ ಮಧ್ಯಾಹ್ನ ಕೌಕೊ ನಿದ್ದೆ ಹೋದಾಗ ಮತ್ತೆ ಗಾಡಿಯಡಿ ತೂರಿ ಶಾಕ್ ಕೂರಿಸಿ, ಹೊಸ ಚೀಟಿಯನ್ನೂ ಅಂಟಿಸಿಬಿಟ್ಟಳು.

ಶನಿವಾರ ಹತ್ತು ಗಂಟೆಗೆ ಎರ್ಕಿ ಟ್ರೇಲರ್ ಎಳೆದುಕೊಂಡು ಬಂದ. ಒಪ್ಪಿಸುವ ಮೊದಲು ಒಮ್ಮೆ ನೋಡೋಣವೆಂದು ಕೌಕೊ ಸೀಟಿನ ಮೇಲೆ ಮೊಣಕಾಲೂರಿ ಒತ್ತಿದ. ಅವನ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಒತ್ತಿದ.

“ಯಾರು ಮುಟ್ಟಿದ್ದು ಇದನ್ನ?”

“ನಾನು,” ಎಂದಳು ತೈಮಿ.

“ಕಲ್ಲಾಗಿದೆ. ಕೆಡಿಸಿ ಇಟ್ಟಿದೀಯ.”

“ಚೀಟಿ ಓದು.”

“ಬಗ್ಗೋಕಾಗಲ್ಲ ನಂಗೆ.”

“ಎರ್ಕಿ, ನೀನು ಓದಪ್ಪ.”

ಎರ್ಕಿ ಹಿಮದಲ್ಲಿ ಮಂಡಿಯೂರಿ ಇಣುಕಿದ. “ಕೌಕೊ 84, ತೈಮಿ 71,” ಎಂದು ಓದಿದ. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಅಂದ್ರೆ ಮೊದಲು ಇವಳದ್ದು ಇರಲೇ ಇಲ್ವಾ? ನನ್ನ ಚೀಟೀಲಿ ನಾಯಿದೂ ಇದೆಯಲ್ಲೋ.”

ಕೌಕೊನ ಕಿವಿಗಳು ಕೆಂಪಾದವು.

“ಯಾಕೆ ಹೇಳಲಿಲ್ಲ ನೀನು?” ಎಂದು ತೈಮಿಯನ್ನು ಕೇಳಿದ.

“ಹೇಳಿದ್ದೆ. ತಳ ಬಡೀತಿದೆ ಅಂದೆ. ದಾರಿ ಸರಿಯಿಲ್ಲ ಅಂದೆ ನೀನು.”

“ಯಾವಾಗ?”

“ಮೊದಲನೇ ವರ್ಷ. ಆಮೇಲೆ ನಾನೂ ದಾರಿಯೇ ಸರಿಯಿಲ್ಲ ಅನ್ಕೊಂಡೆ.”

ಅವನು ಕೈಗವಸು ಕಳಚಿ ಜೇಬಿನಿಂದ ಅಳತೆಯ ಟೇಪು ತೆಗೆದು ಎರ್ಕಿಯ ಕೈಗಿತ್ತ. “ಹಿಂದಿನ ಬಂಪರ್ ನೆಲದಿಂದ ಎಷ್ಟಿದೆ ನೋಡು.” ಆಮೇಲೆ ಮೆಲ್ಲಗೆ, ಬೆನ್ನು ನೆಟ್ಟಗಿಟ್ಟುಕೊಂಡು ಸೀಟಿನ ಮೇಲೆ ಕೂತ. ಹಿಂದೆ ತಿರುಗದೆ ಹೇಳಿದ, “ನೀನೂ ಕೂತ್ಕೋ.”

ತೈಮಿ ಕೂತಳು. ಎರ್ಕಿ ಅಳೆದ.

“ಹತ್ತು ಸೆಂಟಿಮೀಟರ್ ಇಳೀತು. ಸರಿಯಾಗಿ ಹತ್ತು.”

ತಾನು ಕಟ್ಟಿದ ಶಾಕಿನಲ್ಲೂ ಕೌಕೊ ಯಾವಾಗಲೂ ಹುಡುಕುತ್ತಿದ್ದ ಅಳತೆ ಅದೇ. ಅವನು ಎಂಜಿನ್ ಚಾಲೂ ಮಾಡಿದ.

“ಏಯ್, ಎಲ್ಲಿಗೆ? ಟ್ರೇಲರ್ ತಂದಿದೀನಿ ನಾನು,” ಎಂದ ಎರ್ಕಿ.

“ಮಾರಲ್ಲ,” ಎಂದ ಕೌಕೊ. “ಮೀನು ತಂದ್ಕೊಡ್ತೀನಿ. ಮುಳ್ಳು ನೀನೇ ತೆಗೀಬೇಕು.”

ಎರ್ಕಿ ಟೇಪು ಹಿಡಿದುಕೊಂಡು ಅಂಗಳದಲ್ಲೇ ಉಳಿದ. ತೈಮಿಯ ತೊಡೆಯ ಮೇಲೆ ಕಾಫಿಯ ಚೀಲ ಇದ್ದದ್ದು ಅವನ ಗಮನಕ್ಕೆ ಬಂದದ್ದು ಆಗಲೇ. ಬೆಳಗ್ಗೆಯೇ ತುಂಬಿಸಿಟ್ಟುಕೊಂಡಿದ್ದಳು.

ಕೆರೆಯ ದಾರಿಯ ಮೊದಲ ಉಬ್ಬು ಲೈಟುಕಂಬದ ಹತ್ತಿರ. ಅದು ಬಂದಾಗ ಇಬ್ಬರೂ ಅಭ್ಯಾಸಬಲದಿಂದ ಹಲ್ಲು ಕಚ್ಚಿದರು. ಗಾಡಿ ಏರಿತು, ಇಳಿಯಿತು. ಏಟು ಬೀಳಲೇ ಇಲ್ಲ. ಕೌಕೊ ಎಂಜಿನ್ ಆರಿಸಿದ. ಸೊಂಟ ತಿರುಗಿಸಲಾಗದೆ ಕಾಲೆತ್ತಿ ಇಡೀ ಮೈಯನ್ನೇ ಹಿಂದಕ್ಕೆ ತಿರುಗಿಸಿ ಕೂತ. ಈ ಗಾಡಿಯ ಮೇಲೆ ಅವನ ಮುಖವನ್ನು ತೈಮಿ ಎದುರಿನಿಂದ ನೋಡಿದ್ದು ಅದೇ ಮೊದಲು.

“ಬಡೀತಾ ನಿಂಗೆ?”

“ಇಲ್ಲ. ನಿಂಗೆ?”

“ಇಲ್ಲ.” ಅವನು ಅವಳ ಮಂಡಿಯ ಮೇಲೆ ಕೈಯಿಟ್ಟ. “ಮೂವತ್ತೊಂದು ವರ್ಷ, ತೈಮಿ.”

“ಗೊತ್ತು. ಮುಂದೆ ನೋಡ್ಕೊಂಡು ಓಡಿಸು, ಕಾಫಿ ಆರಿಹೋಗುತ್ತೆ.”

ಹೌಕಿಲಂಪಿಗೆ ಇನ್ನೂ ಹನ್ನೊಂದು ಉಬ್ಬುಗಳಿದ್ದವು. ಹನ್ನೊಂದರಲ್ಲೂ ನಿಲ್ಲಿಸಿ, ಕಾಲೆತ್ತಿ ತಿರುಗಿ ಕೂತು, ಅದನ್ನೇ ಕೇಳಿದ. ಅವರು ಕೆರೆ ಮುಟ್ಟುವ ಹೊತ್ತಿಗೆ ಕಾಫಿ ಪೂರ್ತಿ ಆರಿತ್ತು.