ಕಟ್ಟೆ ಸಿಕ್ಕರೆ ನಿಲ್ಲುವ ಬೈಕು

ಶೋರೂಮಿನವನು ಸುಳ್ಳೇನೂ ಹೇಳಿರಲಿಲ್ಲ. ಹಗುರ ಎಂದ, ಹಗುರವೇ. ಸಣ್ಣ ಇಂಜಿನ್ನು, ಹೊಸಬರನ್ನು ಹೆದರಿಸುವುದಿಲ್ಲ ಎಂದ, ಅದೂ ನಿಜ. ಪೇಟೆಯ ಸಂದಿಗೊಂದಿಯಲ್ಲಿ ಬೆಕ್ಕಿನ ಹಾಗೆ ತಿರುಗುತ್ತದೆ ಎಂದ, ತಿರುಗುತ್ತಿತ್ತು. ಸೂಪರ್‌ಮೋಟೋ ಎಂದರೆ ಗುಡ್ಡ ಹತ್ತುವ ಬೈಕಿಗೆ ಟಾರು ರಸ್ತೆಯ ಟೈರು ತೊಡಿಸಿದ್ದು ಎಂದೂ ವಿವರಿಸಿದ. ಗುಡ್ಡ ಹತ್ತುವ ಬೈಕಿನ ಎತ್ತರ ಮಾತ್ರ ಹಾಗೇ ಉಳಿದಿರುತ್ತದೆ ಎಂದು ಹೇಳಲಿಲ್ಲ. ಕೊಳ್ಳಲು ಬಂದ ಸೂಜಿಯೂ ಕೇಳಲಿಲ್ಲ. ಅಲ್ಲಿ ಬೈಕಿನ ಪಕ್ಕ ಹೆಲ್ಮೆಟ್ಟು ಜೋಡಿಸಿಡುವ ಗೇಣೆತ್ತರದ ಕಟ್ಟೆಯಿತ್ತು. ಹತ್ತಿ ಕೂತಾಗ ಅವಳ ಎಡಗಾಲು ಅದರ ಮೇಲೆ ಠೀವಿಯಿಂದ ಊರಿತ್ತು. ಮನೆಗೆ ತಂದು ನೋಡಿದರೆ ಕಾಲು ಗಾಳಿಯಲ್ಲಿ.

ಸೂಜಿ ಎಂಬುದು ಲ್ಯಾಬಿನವರು ಇಟ್ಟ ಹೆಸರು. ಕೆಲಸ ರಕ್ತ ತೆಗೆಯುವುದು, ಆಳು ಮೊಳದುದ್ದ. ಹೆಸರು ತಾನಾಗಿ ಅಂಟಿಕೊಂಡಿತ್ತು.

"ಒಂಟೆ ತಂದಿದ್ದೀಯಲ್ಲೇ!" ಎಂದ ಅಣ್ಣ, ಬೈಕಿನ ಸುತ್ತ ಒಂದು ಸುತ್ತು ಬಂದು. "ಸ್ಕೂಟರ್ ತಗೋ ಅಂತ ಬಡ್ಕೊಂಡೆ."

"ಹುಟ್ಟಿದಾಗಿಂದ ಎಲ್ಲರನ್ನೂ ಕತ್ತೆತ್ತಿ ನೋಡಿದ್ದಾಯ್ತು ಕಣೋ. ಇನ್ಮೇಲೆ ಸ್ವಲ್ಪ ಮೇಲಿಂದ ನೋಡ್ತೀನಿ."

"ನೋಡು ನೋಡು. ಇಳಿಯೋಕೆ ಏಣಿ ಬೇಕಾದ್ರೆ ಕೂಗು."

ಏಣಿಯ ಮಾತೇ ಅವಳಿಗೆ ಬೇಡವಾಗಿತ್ತು. ಲ್ಯಾಬಿನ ಎಕ್ಸ್‌ರೇ ಕೋಣೆಯಲ್ಲಿ ಏಣಿ ಎಂಬ ಅಡ್ಡಹೆಸರಿನ ಉದ್ದನೆಯ ಆಸಾಮಿಯೊಬ್ಬನಿದ್ದ. ಮನೆಮನೆಗೆ ಹೋಗಿ ರಕ್ತ ತರುವ ಕೆಲಸ ಖಾಲಿಯಾಗಿತ್ತು. ಸೋಮವಾರದೊಳಗೆ ಲೈಸೆನ್ಸ್ ತಂದರೆ ನಿನಗೆ, ಇಲ್ಲದಿದ್ದರೆ ಏಣಿಗೆ ಎಂದಿದ್ದರು ಡಾಕ್ಟರು. ಏಣಿಗೆ ಲೈಸೆನ್ಸ್ ಇತ್ತು. ರಕ್ತನಾಳ ಹುಡುಕುವುದು ಬರುತ್ತಿರಲಿಲ್ಲ. ಅವನು ಚುಚ್ಚಿದ ತೋಳು ವಾರವಿಡೀ ಬದನೆಕಾಯಿ ಬಣ್ಣದಲ್ಲಿರುತ್ತಿತ್ತು. ನಾಲ್ಕು ವರ್ಷದಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಸೂಜಿಗೆ ಆ ಕೆಲಸ ಬೇಕೇ ಬೇಕಿತ್ತು.

ಅಣ್ಣ ಒಂದು ಉಪಾಯ ಹೇಳಿಕೊಟ್ಟ. ನಿಲ್ಲಿಸುವಾಗ ಸೀಟಿನಿಂದ ಅರ್ಧ ಕೆಳಗೆ ಜಾರಬೇಕು, ಒಂದೇ ಕಾಲಿನ ತುದಿ ಊರಬೇಕು. ಅವಳು ಎರಡು ಸಲ ಜಾರಿದಳು, ಎರಡು ಸಲವೂ ಬೈಕಿನ ಸಮೇತ ಮಲಗಿದಳು. ಮಂಡಿ ತರಚಿದ್ದಕ್ಕಿಂತ ಅಣ್ಣ ಗೇಟು ಹಿಡಿದುಕೊಂಡು ನಕ್ಕಿದ್ದು ಉರಿಯಿತು. ಅಲ್ಲಿಂದ ಮುಂದೆ ಅವಳು ಕಟ್ಟೆ ಸಿಕ್ಕಲ್ಲಿ ಮಾತ್ರ ನಿಲ್ಲಿಸತೊಡಗಿದಳು. ಜನ ಊರನ್ನು ರಸ್ತೆಗಳಿಂದ ಗುರುತಿಟ್ಟುಕೊಂಡರೆ ಇವಳು ಕಟ್ಟೆಗಳಿಂದ ಗುರುತಿಟ್ಟುಕೊಂಡಳು: ಬ್ಯಾಂಕಿನ ಮೆಟ್ಟಿಲು, ಔಷಧಿ ಅಂಗಡಿಯ ಜಗಲಿ, ಸಿಗ್ನಲ್ಲಿನ ಪಕ್ಕದ ಫುಟ್‌ಪಾತು. ಒಮ್ಮೆ ಏನೂ ಸಿಗದೆ ಪಕ್ಕದ ಸ್ಕೂಟರಿನವರ ಫುಟ್‌ಬೋರ್ಡಿನ ಮೇಲೆ, ಅವರ ಪಾದದ ಬಳಿ ಕಾಲಿಟ್ಟು, ಹಸಿರು ದೀಪ ಬರುವ ತನಕ ಅವರ ಜೊತೆ ಹವಾಮಾನದ ವಿಷಯ ಮಾತಾಡಿದಳು.

ಶುಕ್ರವಾರ ಆರ್‌ಟಿಒ ಮೈದಾನದಲ್ಲಿ ಲೈಸೆನ್ಸಿನ ಪರೀಕ್ಷೆ. ಅಣ್ಣ ಚೀಲದಲ್ಲಿ ನಾಲ್ಕು ಇಟ್ಟಿಗೆ ಹೊತ್ತು ತಂದಿದ್ದ. ಕೊನೆಯಲ್ಲಿ ಕಟ್ಟೆ ಕಟ್ಟಿಕೊಡುವ ಯೋಜನೆ. ಕಾವಲಿನವನು ಚೀಲ ಬಿಚ್ಚಿ ನೋಡಿ, ಅಣ್ಣನನ್ನೂ ಇಟ್ಟಿಗೆಗಳನ್ನೂ ತಂತಿಬೇಲಿಯ ಆಚೆ ಕಳಿಸಿದ. ಸೂಜಿ ಗೇಟಿನ ಮೆಟ್ಟಿಲಿನಿಂದ ಬೈಕು ಹತ್ತಿ ಒಬ್ಬಳೇ ಒಳಗೆ ಹೋದಳು.

ನೆಲದ ಮೇಲೆ ಸುಣ್ಣದಲ್ಲಿ ಎಂಟು ಬರೆದಿತ್ತು. ಅದರ ಮೇಲೆ ಓಡಿಸಬೇಕು, ಕಾಲು ನೆಲಕ್ಕೆ ತಾಗಿದರೆ ಫೇಲು. ಮುಂದಿದ್ದ ಮೂವರೂ ಉದ್ದುದ್ದ ಗಂಡಸರು. ತಿರುವಿನಲ್ಲಿ ಬೈಕು ವಾಲಿದ್ದೇ ಕಾಲು ತಾನಾಗಿ ಇಳಿಯಿತು, ಮೂವರೂ ಮನೆಗೆ ಹೋದರು. ಸೂಜಿಗೆ ಆ ಚಾಳಿಯೇ ಇರಲಿಲ್ಲ. ಎಂಟನ್ನು ರಂಗೋಲಿ ಎಳೆದ ಹಾಗೆ ಎಳೆದಳು.

"ಭೇಷ್! ಸಾಕಮ್ಮ, ನಿಲ್ಲಿಸಿ," ಎಂದರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರು.

"ಇನ್ನೊಂದು ಸುತ್ತು ಸರ್!"

ಎರಡಾಯಿತು. ಮೂರಾಯಿತು.

"ಸಾಕು ಅಂದ್ನಲ್ಲಮ್ಮ!"

"ಅಭ್ಯಾಸ ಆಗ್ಲಿ ಸರ್!"

ಐದನೆಯ ಸುತ್ತಿಗೆ ಬೇಲಿಯಾಚೆಯಿಂದ ಅಣ್ಣ ಕಿರುಚಿದ. "ಕುರ್ಚಿ ಕಡೆ ಹೋಗೇ! ಕುರ್ಚಿ!"

ಅವಳು ಕುರ್ಚಿಯ ಕಡೆ ತಿರುಗಿಸಿದಳು. ಇನ್ಸ್‌ಪೆಕ್ಟರು ಕಾಗದಗಳನ್ನು ಎದೆಗವುಚಿಕೊಂಡು ಹಾರಿ ಪಕ್ಕಕ್ಕೆ ಸರಿದರು. ಬೈಕು ಬಂದು ನಿಂತಿತು, ಸೂಜಿಯ ಎಡಗಾಲು ಅವರು ಕೂತಿದ್ದ ಜಾಗದ ಮೇಲೆ.

"ಕಾಲು ನೆಲಕ್ಕೆ ತಾಗಿಲ್ಲ ಸರ್," ಎಂದಳು.

"ಅದೇ ತಾಯಿ ಸಮಸ್ಯೆ! ರಸ್ತೇಲಿ ನಿಮಗೋಸ್ಕರ ಯಾರು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ? ಆ ಗೆರೆ ಹತ್ರ ಹೋಗಿ ನಿಲ್ಲಿಸಿ ತೋರಿಸಿ. ಬಿದ್ರೆ ಮುಂದಿನ ತಿಂಗಳು ಬನ್ನಿ."

ಮುಂದಿನ ತಿಂಗಳು ಎಂದರೆ ಏಣಿ. ಸೂಜಿ ಕುರ್ಚಿಯನ್ನು ಒದ್ದು ಹೊರಟಳು. ಕುರ್ಚಿಯ ಕಾಲೊಂದು ಲಟಕ್ಕೆಂದಿತು. ಗೆರೆ ಬಂತು. ಬ್ರೇಕು ಹಿಡಿದು, ಮಾನ ಮರ್ಯಾದೆ ಬದಿಗಿಟ್ಟು, ಸೀಟಿನಿಂದ ಜಾರಿದಳು. ಹೆಬ್ಬೆರಳಿನ ತುದಿಗೆ ನೆಲ ಸಿಕ್ಕಿತು. ಬೈಕು ಅವಳ ತೊಡೆಯ ಮೇಲೆ ವಾಲಿತು. ಭಾರದ ಬೈಕಾಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಇದು ವಾಲಿ, ಸ್ವಲ್ಪ ಯೋಚಿಸಿ, ಅಲ್ಲೇ ನಿಂತಿತು. ನೋಡುವವರಿಗೆ ಅವಳು ಲಾರಿಯಿಂದ ಜಾರುತ್ತಿರುವ ಮೂಟೆಯ ಹಾಗೆ ಕಾಣುತ್ತಿದ್ದಳು. ಆದರೆ ಬೀಳಲಿಲ್ಲ.

"ಹಾಗೇ ಇರಿ," ಎಂದರು ಇನ್ಸ್‌ಪೆಕ್ಟರು, ಸಹಿ ಹಾಕಲು ಹೋಗಿ ಪೆನ್ನು ಕೊಡವುತ್ತ.

"ಸರ್, ಬೇಗ..."

"ತಾಳಿ ತಾಯಿ, ಪೆನ್ನು ಬರೀತಿಲ್ಲ."

ಬೇಲಿಯಾಚೆ ಅಣ್ಣ ಈ ಸಲ ನಗಲಿಲ್ಲ. ಕೈಯಲ್ಲಿ ಒಂದು ಇಟ್ಟಿಗೆ ಹಿಡಿದು ಬಾಯಿ ಬಿಟ್ಟು ನಿಂತಿದ್ದ. ಕೊನೆಗೂ ಪೆನ್ನು ಬರೆಯಿತು.

ಸೋಮವಾರ ಬೆಳಿಗ್ಗೆ ಲ್ಯಾಬಿನ ಫೋನು ಹಿಡಿಯುವ ಕೆಲಸ ಏಣಿಯ ಪಾಲಿಗೆ ಬಂದಿತ್ತು. ಸೂಜಿ ಬರೆದುಕೊಟ್ಟ ಚೀಟಿಯನ್ನು ಅವನು ಫೋನು ಮಾಡಿದ ಪ್ರತಿಯೊಬ್ಬರಿಗೂ ತಪ್ಪದೆ ಓದುತ್ತಿದ್ದ. ಈಗ ಅವಳಿಗೆ ಜಾರಿ ನಿಲ್ಲುವುದು ಬರುತ್ತಿತ್ತು, ನಿಜ. ಹಾಗಂತ ಕಂಡವರ ಮನೆ ಮುಂದೆಲ್ಲ ಮೂಟೆಯಾಗಬೇಕೆಂದು ಕಾನೂನಿದೆಯೇ?

"ಬರಿ ಹೊಟ್ಟೇಲಿದ್ದೀರಾ? ಸರಿ. ಗೇಟ್ ಮುಂದೆ ಕಟ್ಟೆ ಇದೆಯಾ? ಇಲ್ವಾ? ಹಾಗಾದ್ರೆ ಒಂದು ಕುರ್ಚಿ ಹಾಕಿಡಿ. ಪ್ಲಾಸ್ಟಿಕ್ ಬೇಡ."