ಗಾಜಿನಾಚೆ ಬಂದ ಬಟ್ಟಲುಗಳು

ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಬಹುಕಾಲ ಹಲ್ಲಿನ ಡಾಕ್ಟರಾಗಿದ್ದ ಪ್ರಭಾವತಿ, ಕೆಲಸದಿಂದ ನಿವೃತ್ತಳಾದ ಮೇಲೆ ಜಪಾನಿನ ಹಿರಿಯ ಕುಂಬಾರ್ತಿ ಹಾರುಕೋ ಅವರ ಬಳಿ ಮಣ್ಣಿನ ಪಾತ್ರೆ ಮಾಡಲು ಕಲಿಯತೊಡಗಿದಳು. ಹಾರುಕೋ ಕಲಿಸುತ್ತಿದ್ದದ್ದು ಮಿಂಗೇಯಿ: ಹೆಸರಿಲ್ಲದ ಕುಂಬಾರರು ದಿನಬಳಕೆಗೆಂದು ಪಾತ್ರೆ ಮಾಡುತ್ತಿದ್ದ ರೀತಿ. ಬಟ್ಟಲಿನ ತಳದಲ್ಲಿ ಸಹಿ ಹಾಕಲೂ ಅವರು ಬಿಡುತ್ತಿರಲಿಲ್ಲ.

ಮೊದಮೊದಲು ಎಲ್ಲವೂ ತಿಗರಿಯ ಮೇಲೇ ಕುಸಿದು ಬೀಳುತ್ತಿದ್ದವು. ಎರಡನೆಯ ವರ್ಷ ಎಂಟು ಬಟ್ಟಲು ನಿಂತವು. ದಪ್ಪ ಅಂಚು, ಕಾಫಿಪುಡಿಯ ಬಣ್ಣ. ಬಣ್ಣದಲ್ಲಿ ಅದ್ದುವಾಗ ಹಿಡಿದ ಬೆರಳುಗಳ ಗುರುತು ಹೊರಮೈಯಲ್ಲಿ ಹಾಗೇ ಉಳಿದಿತ್ತು.

ಹತ್ತಿರದ ಊರು ಟ್ರಾಯ್‌ನಲ್ಲಿ ನಡೆದ ಮಣ್ಣಿನ ಪಾತ್ರೆಗಳ ಪ್ರದರ್ಶನದಲ್ಲಿ ಅವು ಗಾಜಿನ ಕಪಾಟು ಸೇರಿದವು. ಪಕ್ಕದಲ್ಲಿ ಥಳಥಳಿಸುವ ಹೂದಾನಿಗಳು. ಜನ ಅತ್ತಲೇ ಹೋದರು.

"ಅಮ್ಮಾ, ಡೋಂಟ್ ಫೀಲ್ ಬ್ಯಾಡ್. ಬಟ್ ದೆ ಲುಕ್ ಸೋ ಡಲ್," ಎಂದಳು ಮಗಳು ಇಂಚರ.

ಪ್ರಭಾವತಿಯ ಮುಖ ಸಪ್ಪಗಾಯಿತು. ಬಗ್ಗಿ ಗಾಜಿನೊಳಗಿನ ಬಟ್ಟಲುಗಳನ್ನು ನೋಡಿದಳು. ಆಮೇಲೆ, "ಖಾಲಿ ಇದ್ರೆ ಹೀಗೇ ಕಾಣೋದು ಕಣೇ. ಎಲ್ರಿಗೂ ಅಂತ ಮೊಸರನ್ನ ತಂದಿದೀನಲ್ಲ, ಕಾರಿಂದ ತಗೊಂಡ್ ಬಾ," ಎಂದಳು.

ಕಪಾಟಿನ ಬಾಗಿಲು ತೆಗೆಸಲು ಹೋದಾಗ ವ್ಯವಸ್ಥಾಪಕ ಅಡ್ಡ ಬಂದ. "ಇವು ನೋಡೋಕೆ ಇಟ್ಟಿರೋದು, ಮುಟ್ಟೋ ಹಾಗಿಲ್ಲ!"

"ನಾನು ಮಾಡಿದ್ದು ಊಟಕ್ಕೆ," ಎಂದಳು ಪ್ರಭಾವತಿ.

ಹಾರುಕೋ ಅವಳ ಪಕ್ಕ ಬಂದು ನಿಂತರು. "ಬಾಗಿಲು ತೆಗೀರಿ," ಎಂದರು ಮೆಲ್ಲಗೆ. ಆ ಹಿರಿಯರ ಮಾತು ಮೀರಲಾಗದೆ ಅವನು ತೆಗೆದ.

ಕಾಫಿಗೆಂದು ಹಾಕಿದ್ದ ಮೇಜಿನ ಮೇಲೆ ಬಡಿಸಿದ್ದಾಯಿತು. ಕಂದು ಬಟ್ಟಲೊಳಗೆ ಬೆಳ್ಳಗಿನ ಮೊಸರನ್ನ, ಮೇಲೆ ಸಾಸಿವೆ, ಕರಿಬೇವು, ಕೆಂಪಗೆ ಹೊಳೆಯುವ ದಾಳಿಂಬೆ ಕಾಳು. ಮಂಕಾಗಿದ್ದ ಬಣ್ಣ ಒಮ್ಮೆಲೇ ಬೆಚ್ಚಗಾಯಿತು. ಹಾರುಕೋ ಬಟ್ಟಲನ್ನು ಒಂದು ಅಂಗೈಯಲ್ಲಿಟ್ಟುಕೊಂಡು ತಳ ಕಾಣುವವರೆಗೆ ತಿಂದರು. ಆಮೇಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎರಡು ವರ್ಷ ನಾನು ಹೇಳಿದ್ದು ಇದನ್ನೇ," ಎಂದರು. ಅವರ ಕಣ್ಣು ತುಂಬಿತ್ತು.

ಹೂದಾನಿಗಳ ಮುಂದಿದ್ದ ಗುಂಪು ಇತ್ತ ಸರಿಯಿತು. ಒಬ್ಬ ಮುದುಕ ಬಟ್ಟಲು ಹಿಡಿದು, ತನ್ನ ಬೆರಳು ಪ್ರಭಾವತಿಯ ಬೆರಳ ಗುರುತಿನ ಮೇಲೇ ಕೂತದ್ದನ್ನು ಕಂಡು ಪಕ್ಕದವರಿಗೆಲ್ಲ ತೋರಿಸಿದ. ಎಂಟೂ ಬಟ್ಟಲು ಕೈಯಿಂದ ಕೈಗೆ ಹೋದವು. ತೊಳೆದು ತರುವಷ್ಟರಲ್ಲಿ ಇನ್ನಷ್ಟು ಜನ ಸಾಲಾಗಿ ಕಾಯುತ್ತಿದ್ದರು. ಅವರಲ್ಲಿ ವ್ಯವಸ್ಥಾಪಕನೂ ಇದ್ದ.

"ಅಮ್ಮಾ, ಐ ವಾಂಟ್ ವನ್ ಟೂ!" ಎಂದು ಇಂಚರ ಕೈ ಚಾಚಿದಳು.

"ಸಾಲಲ್ಲಿ ನಿಂತ್ಕೋ," ಎಂದು ಪ್ರಭಾವತಿ ಸೌಟು ಎತ್ತಿ ನಕ್ಕಳು.