ಹುಳು ಮನೆಗೆ ಕಟ್ಟಿದ ಸೊಳ್ಳೆ ಪರದೆ

ಮಧ್ಯಾಹ್ನದ ಬಿಸಿಲಿನಲ್ಲೂ ಲಾವಣ್ಯಳಿಗೆ ಎರಡು ಕಂಬಳಿ ಸಾಲಲಿಲ್ಲ. ಆರು ವರ್ಷದ ಹುಡುಗಿ ಹಲ್ಲು ಕಟಕಟ ಕಡಿಯುತ್ತಿದ್ದಳು. ಮೊನ್ನೆಯೂ ಹೀಗೇ ಆಗಿತ್ತು. ನಿನ್ನೆ ಎದ್ದು ಕುಂಟಾಬಿಲ್ಲೆ ಆಡಿದ್ದಳು. ಸದ್ಯ, ವಾಸಿಯಾಯಿತಲ್ಲ ಎಂದುಕೊಂಡು ಅವಳಪ್ಪ ಆವುಲಪ್ಪ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದ. ಮುನಿಶಾಮಪ್ಪನವರ ರೇಷ್ಮೆಹುಳು ಮನೆಯಲ್ಲಿ ಅವನಿಗೆ ಹನ್ನೊಂದು ವರ್ಷದಿಂದ ಕೆಲಸ. ಒಂದು ಹುಳು ಸೊಪ್ಪು ತಿನ್ನದಿದ್ದರೆ ಅದಕ್ಕೇನಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲವನು. ಮಗಳಿಗೇನಾಗಿದೆ ಎಂದು ತಿಳಿಯಲಿಲ್ಲ.

"ಐಸ್ ಕ್ಯಾಂಡಿ ತಿಂದವ್ಳೆ, ಅದಕ್ಕೇ" ಎಂದಳು ಹೆಂಡತಿ ಗಂಗುಲಮ್ಮ.

ಆಶಾ ಕಾರ್ಯಕರ್ತೆ ತನುಜ ಬಂದು ಮಗುವಿನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪರೀಕ್ಷೆಯ ಪಟ್ಟಿಗೆ ಬಿಟ್ಟಳು. ಕಾಲು ಗಂಟೆಯಲ್ಲಿ ಎರಡನೇ ಗೆರೆ ಮೂಡಿತು.

"ಮಲೇರಿಯಾ ಆವುಲಣ್ಣ. ದಿನ ಬಿಟ್ಟು ದಿನ ಚಳಿಜ್ವರ ಬಂದ್ರೆ ತಕ್ಷಣ ಹೇಳಿ ಅಂತ ಬಡ್ಕೊಂಡಿದ್ದೆ. ಚಿಕ್ ಮಕ್ಕಳಿಗೆ ತಡ ಮಾಡಿದ್ರೆ ಪ್ರಾಣಕ್ಕೇ ಬರ್ತದೆ. ಈಗ್ಲೇ ಆಸ್ಪತ್ರೆಗೆ ಹೊರಡಿ. ಅವರು ಎಷ್ಟು ದಿನ ಹೇಳ್ತಾರೋ ಅಷ್ಟು ದಿನ ಮಾತ್ರೆ ನುಂಗ್ಬೇಕು, ಜ್ವರ ಬಿಡ್ತು ಅಂತ ನಿಲ್ಲಿಸಂಗಿಲ್ಲ." ತನುಜ ಮಂಚದತ್ತ ನೋಡಿದಳು. "ನಾನು ಕೊಟ್ಟ ಪರದೆ ಎಲ್ಲಿ?"

ಗಂಗುಲಮ್ಮ ಗಂಡನ ಮುಖ ನೋಡಿದಳು. ಆವುಲಪ್ಪ ನೆಲ ನೋಡಿದ.

ಮೂರು ವಾರದ ಹಿಂದೆ, ಹೊಸ ಬೆಳೆಗೆಂದು ಹುಳು ಮನೆ ತೊಳೆಯುವಾಗ ಕಿಟಕಿಯ ಜಾಲರಿ ಹರಿದಿರುವುದು ಕಂಡಿತ್ತು. ಊಜಿ ನೊಣ ಒಳಗೆ ನುಗ್ಗಿ ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಬೆಳೆಯೇ ಹೋಯಿತು. "ನಿಮ್ಮ ಕಾಲೋನಿಗೆ ಸೊಳ್ಳೆ ಪರದೆ ಹಂಚವ್ರಂತೆ. ಹುಳು ಗೂಡು ಕಟ್ಟೋವರ್ಗೂ ಇಸ್ಕೊಂಡ್ ಬಾರೋ" ಎಂದಿದ್ದರು ಮುನಿಶಾಮಪ್ಪ, ಅವನ ಹೆಗಲ ಮೇಲೆ ಕೈಯಿಟ್ಟು. ಹೊಸ ಜಾಲರಿ ತರಲಾಗದ ಬಡತನ ಅವರಿಗೇನೂ ಇರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಆ ಕೈ ಅವನನ್ನು ಮುಟ್ಟಿದ್ದು ಅದೇ ಮೊದಲು. ಆವುಲಪ್ಪ ಉಬ್ಬಿಹೋದ. ಒಂಬತ್ತು ಮನೆಯ ಪರದೆ ಕೇಳಿ ತಂದ. ಹತ್ತನೆಯದು ತನ್ನದೇ. ನಿದ್ದೆಯಲ್ಲಿದ್ದ ಲಾವಣ್ಯಳ ಮೇಲಿಂದ ಬಿಚ್ಚಿಕೊಂಡು ಹೋದ.

"ಹುಳು ಮನೆಗೆ ಕಟ್ಟಿದೀನಿ" ಎಂದ ಈಗ. "ಇವತ್ತು ಬೆಳಿಗ್ಗೆ ಹೊಸ ಬೆಳೆ ಹುಳು ತಂದು ಇಳಿಸಿದ್ವಿ."

"ಅಯ್ಯೋ, ಅದರ ದಾರಕ್ಕೇ ಔಷಧಿ ಹಾಕಿರ್ತಾರಣ್ಣ, ಕೂತ ಸೊಳ್ಳೆ ಸಾಯ್ಲಿ ಅಂತ! ಹುಳೂನೂ ಸಾಯ್ತವೆ."

ಆವುಲಪ್ಪ ಎದ್ದವನೇ ಓಡಿದ. ಮಗಳನ್ನು ಎತ್ತಿಕೊಂಡು ಆಸ್ಪತ್ರೆಗಲ್ಲ; ಅವಳನ್ನು ಅಲ್ಲೇ ಬಿಟ್ಟು ಹುಳು ಮನೆಗೆ. ಹಿಂದಿನಿಂದ ಗಂಗುಲಮ್ಮ ಕೂಗಿದ್ದು ಕೇಳಿಸಿತು. ನಿಲ್ಲಲಿಲ್ಲ. ಕಾಲಿಗೆ ಅಂಟಿದ ಅಭ್ಯಾಸ, ಏನು ಹೇಳೋಣ.

ಕಿಟಕಿ ಪಕ್ಕದ ಹುಳುಗಳು ಹಸಿರು ನೀರು ಕಕ್ಕುತ್ತಾ ತಲೆಯಾಡಿಸುತ್ತಿದ್ದವು. ವಿಷಯ ಕೇಳಿ ಮುನಿಶಾಮಪ್ಪನವರೂ ಪರದೆ ಕೀಳಲು ಕೈ ಹಾಕಿದರು. ಕಿತ್ತು ಮುಗಿದ ಮೇಲೆ ಬೆವರು ಒರೆಸಿಕೊಂಡು, "ಅರ್ಧ ಹುಳ ಉಳೀತು. ಈ ಪರದೆ ಸುಟ್ಟಾಕು" ಎಂದರು.

"ನನ್ನ ಮಗೀಗೆ ಮಲೇರಿಯಾ ಯಜಮಾನ್ರೇ. ಪರದೆ ಇಲ್ದೆ ಮಲಗಿ."

"ಮಗೀಗಾದ್ರೆ ಸರ್ಕಾರ ಮಾತ್ರೆ ಕೊಡ್ತದೆ. ಹುಳೂಗೆ ಯಾರು ಕೊಡ್ತಾರೆ? ಯಾರಾದ್ರೂ ಕೇಳಿದ್ರೆ ಪರದೆ ನೀವೇ ಮಾರ್ಕೊಂಡ್ರಿ ಅನ್ನು. ನಿಮ್ಮೋರು ಅಂದ್ರೆ ನಂಬ್ತಾರೆ. ಸುಟ್ಟುಬಿಟ್ಟು, ಸತ್ತ ಹುಳು ಆರ್ಸಾಕು ಬಾ."

ಆವುಲಪ್ಪನಿಗೆ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು. ಈ ಮನುಷ್ಯನ ಹುಳು ಉಳಿಸಲು ನಡುಗುವ ಮಗಳನ್ನು ಬಿಟ್ಟು ಬಂದೆನಲ್ಲ. ಅವರು ಅಂದು ಕೈಯಿಟ್ಟಿದ್ದ ಹೆಗಲನ್ನು ಕಿತ್ತು ಬಿಸಾಡಬೇಕೆನ್ನಿಸಿತು.

"ಇವು ನಮ್ಮ ಮಕ್ಕಳವು. ಸುಡಲ್ಲ. ಸತ್ತಿದ್ದನ್ನ ನೀವೇ ಆರಿಸ್ಕೊಳ್ಳಿ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಹಾಕಲ್ಲ."

ಹತ್ತೂ ಪರದೆ ಹೊತ್ತು ಊರ ನಡುವಿನಿಂದಲೇ ನಡೆದ. ಕಾಲೋನಿಯಲ್ಲಿ ಬಾಗಿಲು ಬಾಗಿಲಿಗೂ ನಿಂತು, "ಯಜಮಾನ್ರು ಹೇಳಿದ್ರು ಅಂತ ನಿಮ್ಮ ಮಕ್ಕಳ ಮೇಲಿಂದ ಕಿತ್ಕೊಂಡ್ ಹೋದೆ. ತಪ್ಪಾಯ್ತು" ಎಂದ. ಪಕ್ಕದ ಮನೆಯ ಅಮ್ಮಾಜಮ್ಮ ತನ್ನ ಪರದೆಯನ್ನು ಕಸಿದುಕೊಂಡಳು.

"ನಿನ್ನೊಬ್ಬನ ತಪ್ಪಾ? ಅವರ ಹೆಸರು ಕೇಳಿ ನಾವೂ ಬಾಯ್ ಮುಚ್ಕೊಂಡು ಕೊಟ್ವಿ. ನನ್ನ ಮೊಮ್ಮಗನಿಗೂ ನಿನ್ನೆಯಿಂದ ಚಳಿ. ನಾಳೆ ಅವರ ಹುಳು ಮನೆಗೆ ಈ ಬೀದಿಯಿಂದ ಯಾರು ಹೋಗ್ತಾರೋ ನೋಡ್ತೀನಿ. ನಿನ್ನ ಹೆಂಡ್ತಿ ಮಗಳನ್ನ ನಮ್ಮ ಬೀದಿ ಜಗನ್ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡೋದ್ಲು. ಹೋಗಪ್ಪಾ, ಇಲ್ಲೇನ್ ನಿಂತಿದೀಯ."

ಆಸ್ಪತ್ರೆಯ ಬೆಂಚಿನ ಮೇಲೆ ಲಾವಣ್ಯ ಅಮ್ಮನ ತೊಡೆಯಲ್ಲಿ ಮಲಗಿದ್ದಳು. ಚಳಿ ಬಿಟ್ಟು ಬೆವರಿದ್ದಳು. ಗಂಗುಲಮ್ಮ ಗಂಡನ ಕಡೆ ತಿರುಗದೆ ಅವಳ ಹಣೆ ಒರೆಸುತ್ತಿದ್ದಳು. ಪಕ್ಕದಲ್ಲಿ ಕೂರಲು ಧೈರ್ಯವಾಗದೆ ಅವನು ಗೋಡೆಗೆ ಒರಗಿ ನಿಂತ. ಮಗಳು ಕಣ್ಣು ತೆರೆದಳು. ಆ ಕಣ್ಣಲ್ಲಿ ಕೋಪವೇನೂ ಇರಲಿಲ್ಲ. ಅಪ್ಪ ಎಲ್ಲಿಗೆ ಓಡಿದ್ದ ಎಂದು ಅವಳಿಗೆ ಗೊತ್ತಿತ್ತು, ಅಷ್ಟೆ.

"ಅಪ್ಪಾ" ಎಂದಳು, "ಹುಳು ಬದುಕಿದ್ವಾ?"